ಸರ್ಕಾರಕ್ಕೆ ಕೊಟ್ಟ ನಿದ್ದೆ

ಮಗ್ಗದ ಸದ್ದು ನಿಂತರೆ ಗದಿಗೆಪ್ಪನಿಗೆ ಎಚ್ಚರವಾಗುತ್ತಿತ್ತು. ಆದ್ದರಿಂದ ಮಧ್ಯಾಹ್ನದ ಊಟವಾಗಿ ಅವನು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡ ಮೇಲೆ ರತ್ನಮಾಲಾ ಎಷ್ಟೇ ದಣಿದಿದ್ದರೂ ನೇಯುವುದನ್ನು ಬಿಡುತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೈ ತನ್ನ ಪಾಡಿಗೆ ಲಾಳಿ ಎಸೆಯುತ್ತಿರಲು, ಗಂಡನ ಮುಖ ನೋಡುತ್ತಾ ಕೂತಿರುತ್ತಿದ್ದಳು. ನಿದ್ದೆಯಲ್ಲಿ ಅವನ ಹುಬ್ಬು ಸಡಿಲವಾಗುತ್ತಿತ್ತು. ಕೆಲವೊಮ್ಮೆ ತುಟಿ ಅಲುಗಿಸಿ ಯಾರೊಂದಿಗೋ ಮಾತಾಡುತ್ತಿದ್ದ, ಕೆಲವೊಮ್ಮೆ ನಗುತ್ತಿದ್ದ. ಕನಸು ಬಿದ್ದಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ತನಗೆ ಬೀಳದ ಕನಸು ಅವನಿಗಾದರೂ ಬಿತ್ತಲ್ಲ ಎಂಬ ಸಮಾಧಾನವೂ ಒಂದಿಷ್ಟು ಹೊಟ್ಟೆಕಿಚ್ಚೂ ಒಟ್ಟಿಗೇ ಆಗುತ್ತಿದ್ದವು.

ಅಂಥದೇ ಒಂದು ಮಧ್ಯಾಹ್ನ ಅಂಚೆಯವಳು ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಸರ್ಕಾರಿ ಲಕೋಟೆ ಕೊಟ್ಟು ಹೋದಳು. ರತ್ನಮಾಲಾ ಒಂದು ಕೈಯಲ್ಲಿ ಲಾಳಿ ಆಡಿಸುತ್ತಲೇ ಅದನ್ನು ತೊಡೆಯ ಮೇಲೆ ಬಿಡಿಸಿ ಓದಿದಳು. ನಿವೃತ್ತ ಗೇಟ್ ಚಾಲಕ ಗದಿಗೆಪ್ಪ ಅವರು ಅಣೆಕಟ್ಟಿನ ತುರ್ತು ಕಾಲದಲ್ಲಿ ಮಂಜೂರಾದ ಪಾಳಿಗಿಂತ ಹೆಚ್ಚಾಗಿ ಸರ್ಕಾರದ ನಿದ್ದೆ ಬಳಸಿದ್ದಾರೆ, ಆ ಬಾಕಿಯನ್ನು ನಿದ್ದೆಯ ರೂಪದಲ್ಲೇ ತೀರಿಸತಕ್ಕದ್ದು, ತಪ್ಪಿದರೆ ಪಿಂಚಣಿ ತಡೆಹಿಡಿಯಲಾಗುವುದು ಎಂದು ಬರೆದಿತ್ತು.

ಅವಳ ಕೈ ನಿಂತಿತು. ಗದಿಗೆಪ್ಪ ಕಣ್ಣು ಬಿಟ್ಟ.

ಆ ಸೀಮೆಯಲ್ಲಿ ಕೂಡಲಗುಡ್ಡದ ಅಣೆಕಟ್ಟು ಬಿರುಕು ಬಿಟ್ಟ ವರ್ಷಗಳನ್ನು ಮರೆತವರಿರಲಿಲ್ಲ. ಮಳೆಗಾಲ ಬಂತೆಂದರೆ ಅಣೆಕಟ್ಟಿನ ಗೋಡೆಯ ಕಡೆಗೆ ಮೈಯೆಲ್ಲ ಕಿವಿಯಾಗಿಸಿಕೊಂಡು ಕೂರಬೇಕಿತ್ತು. ಗೇಟು ಎತ್ತುವವರು, ನೀರಿನೊಳಗೆ ಮುಳುಗಿ ಬಿರುಕಿಗೆ ಸಿಮೆಂಟು ತುಂಬುವವರು, ಮರಳಿನ ಲಾರಿ ಓಡಿಸುವವರು, ನರ್ಸುಗಳು, ಇವರಲ್ಲಿ ಯಾರೊಬ್ಬರೂ ಕಣ್ಣು ಮುಚ್ಚುವಂತಿರಲಿಲ್ಲ. ಆ ಹೊತ್ತಿಗಾಗಲೇ ವಿಜ್ಞಾನಿಗಳು ಒಬ್ಬರ ನಿದ್ದೆಯನ್ನು ಇನ್ನೊಬ್ಬರಿಗೆ ದಾಟಿಸುವ ಬಗೆಯನ್ನು ಕಂಡುಹಿಡಿದಿದ್ದರು. ಗಾಢನಿದ್ದೆಯಲ್ಲಿ ಮೆದುಳಿನ ತುಂಬ ಒಂದು ನಿಧಾನವಾದ ಅಲೆ ಹಾಯುತ್ತದೆ. ಅದರ ಬೆನ್ನಿಗೇ ಮೆದುಳಿನ ನೀರು ಹರಿದು ದಿನದ ಕೊಳೆಯನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ತಲೆಗೆ ಒಂದು ಪಟ್ಟಿ ಕಟ್ಟಿ ಆ ಅಲೆಯನ್ನು ಎಳೆದುಕೊಳ್ಳಬಹುದಿತ್ತು. ಗಾಜಿನ ಕೊಳಗಗಳಲ್ಲಿ ಬೆಳೆಸಿದ ನರಕೋಶಗಳ ಹಾಳೆಗಳಲ್ಲಿ, ಹೆಪ್ಪು ಹಾಕಿದ ಹಾಲಿನಂತೆ, ಅದನ್ನು ಕಾಪಿಡಬಹುದಿತ್ತು. ಬೇಕಾದವರ ತಲೆಗೆ ಅದನ್ನು ಹರಿಸಿದರೆ ಅವರು ಕಣ್ಣು ತೆರೆದು ಕೆಲಸ ಮಾಡುತ್ತಿರುವಾಗಲೇ ಮೆದುಳು ತೊಳೆದುಕೊಂಡು ಹಗುರಾಗುತ್ತಿತ್ತು. ಕೊಟ್ಟವರು ಮಾತ್ರ ಮಲಗಿಯೂ ಮಲಗದವರ ಹಾಗೆ ಕೆಂಪು ಕಣ್ಣಿನಿಂದ ಏಳುತ್ತಿದ್ದರು.

ಸರ್ಕಾರದ ಹಣವೆಲ್ಲ ಸಿಮೆಂಟಿಗೂ ಕಬ್ಬಿಣಕ್ಕೂ ಹೋಗಿತ್ತು. ಅದಕ್ಕೇ ಅದು ಹೊಳೆದಂಡೆಯ ಊರುಗಳಿಗೆ ಕೈಯೊಡ್ಡಿ, ನಿದ್ದೆ ಕಡ ಕೊಡಿ, ಅಣೆಕಟ್ಟು ಗಟ್ಟಿಯಾದ ಮೇಲೆ ನಿದ್ದೆಯನ್ನೇ ಮರಳಿ ಕೊಡುತ್ತೇವೆ ಎಂದಿತು. ಶಾಲೆಯ ಕೋಣೆಗಳಲ್ಲಿ ಸಾಲು ಮಂಚ ಹಾಕಿದರು. ಕೊಟ್ಟವರಿಗೆಲ್ಲ ತಿಂಗಳ ಬೆಳಕಿನ ಬಣ್ಣದ ಒಂದೊಂದು ಚೀಟಿ. ಅದರ ಮೇಲೆ ರಾಜ್ಯದ ಮುದ್ರೆ, ಕೆಳಗೆ ಒಂದೇ ಸಾಲು: ಈ ಚೀಟಿ ತಂದವರಿಗೆ ಸರ್ಕಾರವು ಇಷ್ಟು ನಿದ್ದೆ ಕೊಡಬೇಕಾಗಿದೆ.

ಆ ವರ್ಷಗಳಲ್ಲಿ ಊರಿಗೆ ಊರೇ ತೂಕಡಿಸುತ್ತಿತ್ತು. ಮಾಸ್ತರು ಪಾಠ ಹೇಳುತ್ತಾ ಹೇಳುತ್ತಾ ಅರ್ಧ ವಾಕ್ಯದಲ್ಲಿ ನಿಂತುಬಿಡುತ್ತಿದ್ದರು, ಮಕ್ಕಳು ಉಳಿದರ್ಧಕ್ಕಾಗಿ ಬಾಯಿ ತೆರೆದು ಕಾಯುತ್ತಿದ್ದರು. ಹಿಟ್ಟಿನ ಗಿರಣಿಯ ಮುಂದೆ ಒಬ್ಬಳು ಆಕಳಿಸಿದರೆ ಆ ಆಕಳಿಕೆ ಸಂತೆಯನ್ನು ದಾಟಿ ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತಿತ್ತು. ಎಲ್ಲ ಮನೆಯ ಸಾರಿಗೂ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಆದರೆ ಜನ ಎಂದೂ ಇಲ್ಲದಷ್ಟು ಮೆತ್ತಗಾಗಿದ್ದರು. ಜಗಳಗಳು ಕೊನೆ ಮುಟ್ಟುತ್ತಿರಲಿಲ್ಲ, ಯಾತಕ್ಕೆ ಶುರುವಾಯಿತೆಂಬುದೇ ಇಬ್ಬರಿಗೂ ಮರೆತುಹೋಗುತ್ತಿತ್ತು. ಹಗಲು ಹೊತ್ತಿನಲ್ಲಿ ಊರೆಲ್ಲ ನೀರಿನೊಳಗೆ ನಡೆದಾಡುತ್ತಿರುವಂತೆ ಕಾಣುತ್ತಿತ್ತು. ಅಣೆಕಟ್ಟು ಒಡೆದಿದ್ದರೆ ನಿಜವಾಗಿಯೂ ನೀರಿನೊಳಗೇ ಇರುತ್ತಿತ್ತು.

ಒಡೆಯಲಿಲ್ಲ. ಬಿರುಕು ಮುಚ್ಚಿತು, ಮಂಚಗಳನ್ನು ತೆಗೆದರು, ಜನಕ್ಕೆ ತಮ್ಮ ನಿದ್ದೆ ಮರಳಿತು. ಆದರೆ ಹೆಚ್ಚು ಕೊಟ್ಟವರಿಗೆ ಕನಸು ಮರಳಲಿಲ್ಲ. ರತ್ನಮಾಲಾ ಅವರಲ್ಲೊಬ್ಬಳು. ಅವಳು ಖಣ ನೇಯುವವಳು. ಆ ಕುಪ್ಪಸದ ಬಟ್ಟೆಯ ಮೇಲಿನ ಹೂವು, ಹಕ್ಕಿ, ಬಳ್ಳಿಗಳೆಲ್ಲ ಮೊದಲು ಕನಸಿನಲ್ಲಿ ಬಂದು ಆಮೇಲೆ ಮಗ್ಗಕ್ಕೆ ಇಳಿದವು. ನಿದ್ದೆ ಕೊಟ್ಟ ಮೇಲೆ ಒಂದೂ ಹೊಸದು ಬಂದಿರಲಿಲ್ಲ, ಹಳೆಯವನ್ನೇ ಮತ್ತೆ ಮತ್ತೆ ನೇಯುತ್ತಿದ್ದಳು. ಚೀಟಿ ಮರಳಿಸಿ ಪೂರ್ತಿ ನಿದ್ದೆ ಪಡೆದರೆ ಕನಸೂ ಬರುತ್ತದೆಂದು ವಿಜ್ಞಾನಿಗಳು ಹೇಳಿದ್ದರು. ಆದರೆ ಪ್ರತಿ ವರ್ಷ ಸರ್ಕಾರ, ಮುಂದಿನ ವರ್ಷ ನೋಡೋಣ ಎನ್ನುತ್ತಿತ್ತು. ಬರಬರುತ್ತ ಜನ ಚೀಟಿಯನ್ನು ಕಿಟಕಿಯ ಒಡಕು ಮುಚ್ಚಲು ಬಳಸಿದರು. ರತ್ನಮಾಲಾ ಮಾತ್ರ ತನ್ನವನ್ನು ಟ್ರಂಕಿನಲ್ಲಿ ರೇಷ್ಮೆ ಲಡಿಗಳ ನಡುವೆ ಇಟ್ಟಿದ್ದಳು.

"ಏನಂತ ಅದು?" ಗದಿಗೆಪ್ಪ ಎದ್ದು ಕೂತು ಕೇಳಿದ.

ಅವಳು ಓದಿ ಹೇಳಿದಳು.

"ಖರೇನ ಐತಿ," ಅಂದ. "ಅವತ್ತ ನನ್ನ ಪಾಳಿ ಮುಗಿದಿತ್ತು. ಬದಲಿ ಬರೋ ಮನಿಷಾ ಬರಲಿಲ್ಲ. ನೀರು ಬಂತು. ಗೇಟ್ ಬಿಟ್ಟು ಎಲ್ಲಿ ಹೋಗ್ಲಿ? ತಲಿಗೆ ಪಟ್ಟಿ ಕಟ್ಕೊಂಡು ಕುಂತೆ. ಮತ್ತ ಕಟ್ಕೊಂಡೆ. ಮಂಜೂರ್ ಮಾಡ್ಸೂದು ಯಾರ ನೆನಪಿಗಿತ್ತು?"

"ನೀವು ಊರು ಉಳಿಸಿದ್ರಿ. ಅದಕ್ಕ ಬಾಕಿ ಅಂತಾರೇನು?"

"ತೊಗೊಂಡಿದ್ದಂತೂ ಹೌದಲ್ಲ. ಕೊಟ್ಟರಾತು ಬಿಡು."

ಅದು ಅಷ್ಟು ಸುಲಭವಲ್ಲವೆಂದು ರತ್ನಮಾಲಾಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಕಳೆದ ಬೇಸಿಗೆಯಲ್ಲಿ ಅವನಿಗೆ ಸಣ್ಣ ಸಣ್ಣ ಮರೆವು ಶುರುವಾದಾಗ ಡಾಕ್ಟರು ಪರೀಕ್ಷೆ ಮಾಡಿ, ಇವರ ಮೆದುಳಿನಲ್ಲಿ ಕೊಳೆ ಕಟ್ಟುತ್ತಿದೆ, ಅದನ್ನು ತೊಳೆಯುತ್ತಿರುವುದು ಗಾಢನಿದ್ದೆಯೊಂದೇ, ಚೆನ್ನಾಗಿ ಮಲಗಲಿ, ಮಲಗಿದಷ್ಟೂ ದಿನ ನೆನಪು ಉಳಿಯುತ್ತದೆ ಎಂದಿದ್ದರು. ಈಗ ಆ ನಿದ್ದೆಯನ್ನೇ ಸರ್ಕಾರ ಕೇಳುತ್ತಿತ್ತು.

ಅವಳು ಹೋಗಿ ಟ್ರಂಕು ತೆರೆದಳು. ಚೀಟಿಗಳ ಕಟ್ಟು ರೇಷ್ಮೆಯ ವಾಸನೆ ಹಿಡಿದಿತ್ತು. ಅದನ್ನು ಎದೆಗೆ ಒತ್ತಿಕೊಂಡು ಒಂದು ಗಳಿಗೆ ನಿಂತಳು. ಅದರಲ್ಲಿ ಎಷ್ಟು ಹಕ್ಕಿಗಳು, ಎಷ್ಟು ಬಳ್ಳಿಗಳು ಇದ್ದವೋ! ಆಮೇಲೆ ಕೈಚೀಲಕ್ಕೆ ಹಾಕಿಕೊಂಡಳು.

"ನಾಳಿ ಪ್ಯಾಟಿಗೆ ಹೋಗೂಣು," ಅಂದಳು. "ಸರ್ಕಾರಕ್ಕ ನೀವು ಕೊಡೂದೈತಿ, ನನಗ ಸರ್ಕಾರ ಕೊಡೂದೈತಿ. ಇದನ್ನ ಅದಕ್ಕ ಮುರ್ಕೊಳ್ರಿ ಅಂತ ಹೇಳಿ ಬರ್ತೀನಿ."

"ನಿನ್ನ ಕನಸು?"

"ನೀವು ನನ್ನ ಹೆಸರ ಮರ್ತರ, ಕನಸು ಬಿದ್ದು ಯಾರಿಗೆ ಹೇಳ್ಲಿ?"

ಜನ ಕೊಟ್ಟ ನಿದ್ದೆಯನ್ನು ಕೂಡಿಡುವ ನಿದ್ರಾಗಾರವಿದ್ದದ್ದು ಪೇಟೆಯ ಹಳೆಯ ಟಾಕೀಸಿನ ಕಟ್ಟಡದಲ್ಲಿ. ಕತ್ತಲೆ, ತಂಪು, ದಪ್ಪ ಗೋಡೆ ಎಲ್ಲ ತಯಾರಿದ್ದ ಜಾಗವೆಂದು ಸರ್ಕಾರ ಅದನ್ನೇ ಆರಿಸಿತ್ತು. ಹಿಂದೆ ಟಿಕೆಟ್ ಕೊಡುತ್ತಿದ್ದ ಕಿಂಡಿಯಲ್ಲಿ ಈಗ ವಸೂಲಿಯ ಗುಮಾಸ್ತ ಕೂರುತ್ತಿದ್ದ. ರತ್ನಮಾಲಾ ನೋಟೀಸನ್ನೂ ಚೀಟಿಯ ಕಟ್ಟನ್ನೂ ಒಟ್ಟಿಗೆ ಕಿಂಡಿಯೊಳಗೆ ತಳ್ಳಿದಳು. ಅವನು ನೋಟೀಸು ಇಟ್ಟುಕೊಂಡು ಚೀಟಿಗಳನ್ನು ಹೊರಗೆ ತಳ್ಳಿದ.

"ಇವು ನಡ್ಯಾಂಗಿಲ್ರೀ ಅಮ್ಮಾರ."

"ಯಾಕ ನಡ್ಯಾಂಗಿಲ್ಲ? ಮುದ್ರಿ ಸರ್ಕಾರದ್ದ ಐತಲ್ಲ?"

"ಐತ್ರಿ. ಆದ್ರ ಇದು ಸರ್ಕಾರ ನಿಮಗ ಕೊಡೂದು. ಅದು ನಿಮ್ಮ ಯಜಮಾನ್ರು ಸರ್ಕಾರಕ್ಕ ಕೊಡೂದು. ಎರಡೂ ಬ್ಯಾರೆ ಬ್ಯಾರೆ ಖಾತೆ."

"ಖಾತೆ ಎರಡ ಇರ್ಲಿ. ಸರ್ಕಾರ ಒಂದ ಅಲ್ಲೇನ್ರಿ?"

ಗುಮಾಸ್ತ ತಲೆ ಕೆರೆದುಕೊಂಡ. ಅವನೇನು ಕೆಟ್ಟವನಲ್ಲ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ ಅಷ್ಟೆ. "ಮ್ಯಾಲೆ ಮೇಡಂ ಅದಾರ, ಅವರನ್ನ ಕೇಳ್ರಿ," ಎಂದು ಮೆಟ್ಟಿಲು ತೋರಿಸಿದ.

ಮೇಡಂ ಎಂದರೆ ಫಿರ್ದೋಸ್ ಮುಲ್ಲಾ, ನಿದ್ರಾಗಾರದ ಮುಖ್ಯ ವಿಜ್ಞಾನಿ. ಹಿಂದೆ ಸಿನಿಮಾ ಬಿಡುತ್ತಿದ್ದ ಎತ್ತರದ ಕೋಣೆಯೇ ಅವಳ ನಿಯಂತ್ರಣ ಕೊಠಡಿ. ಪರದೆಗೆ ಬೆಳಕು ಬಿಡುತ್ತಿದ್ದ ಸಣ್ಣ ಕಿಂಡಿಯಿಂದ ಕೆಳಗಿನ ಹಾಲು ಪೂರ್ತಿ ಕಾಣುತ್ತಿತ್ತು. ರತ್ನಮಾಲಾ ಅದರೊಳಗೆ ಇಣುಕಿದಳು. ಕುರ್ಚಿಗಳಿದ್ದ ಇಳಿಜಾರಿನಲ್ಲಿ ಸಾಲಾಗಿ ಗಾಜಿನ ಕೊಳಗಗಳು. ಒಂದೊಂದರೊಳಗೂ ಬಾನಿನ ಮಂಕು ನೀಲಿ. ಆ ನೀಲಿ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತು. ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿ, ಗೋಡೆ ಮುಟ್ಟಿ ಮರಳಿ ಬರುತ್ತಿತ್ತು. ಊರಿಗೆ ಊರೇ ಒಂದೇ ಉಸಿರಿನಲ್ಲಿ ಮಲಗಿದ ಹಾಗೆ. ಇದರಲ್ಲಿ ನನ್ನದು ಯಾವುದಿರಬಹುದು ಎಂದು ಅವಳ ಕಣ್ಣು ಹುಡುಕಿತು.

"ನೋಡ್ರಿ ಅಕ್ಕಾರ," ಫಿರ್ದೋಸ್ ಕುರ್ಚಿ ಎಳೆದು ಕೂರಿಸಿದಳು. "ಹಿಂದಿನ ಸಾಲಿನ್ಯಾಗ ಬೆಳಕಿಲ್ಲದ ಕೊಳಗ ಕಾಣಸ್ತಾವಲ್ಲ, ಅವು ಸತ್ತಾವು. ಜೀವಕೋಶದ ಹಾಳಿ ಎಷ್ಟ ಕಾಪಾಡಿದ್ರೂ ಸೋರತಾವ. ಜನ ಕೊಟ್ಟ ನಿದ್ದಿ ಅರ್ಧಕ್ಕರ್ಧ ಆವಿಯಾಗಿ ಹೋಗೇತಿ. ಉಳಿದದ್ದು ದವಾಖಾನಿಗೆ ಬೇಕು. ನೋವಿನಿಂದ ಕಣ್ಣ ಮುಚ್ಚದ ರೋಗಿಗಳು, ಹುಚ್ಚ ಹಿಡಿಯೂ ಹಂತಕ್ಕ ಬಂದೋರು, ಅವರಿಗೆ ಕೊಡಬೇಕು. ಬಾಕಿ ಇದ್ದೋರ ಹತ್ರ ಹೊಸಾ ನಿದ್ದಿ ತೊಗೊಂಡ್ರ ಕೊಳಗ ತುಂಬತಾವ. ನಿಮ್ಮ ಚೀಟಿ ತೊಗೊಂಡ್ರ ಏನ್ ತುಂಬತೈತಿ?"

"ಬಾಕಿ ನಿದ್ದಿ ರೂಪದಾಗ ತೀರಿಸ್ಬೇಕಂತ ಬರ್ದಾರ. ಈ ಚೀಟಿ ನಿದ್ದಿ ಅಲ್ಲಂದ್ರ ನಾ ಅವತ್ತ ಕೊಟ್ಟದ್ದು ಏನ್ರಿ?"

ಫಿರ್ದೋಸ್ ಕಿಂಡಿಯ ಕಡೆ ತಿರುಗಿ, "ನನ್ನ ಕೈಯಾಗ ಇಲ್ಲಕ್ಕಾ," ಅಂದಳು. ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಇಷ್ಟೆಲ್ಲ ನಿದ್ದೆ ಕಾಯುವವಳು ಸ್ವತಃ ಮಲಗುವುದಿಲ್ಲ ಎಂದು ರತ್ನಮಾಲಾಗೆ ಅನ್ನಿಸಿತು.

ಕೆಳಗೆ ಕಾಯುತ್ತಿದ್ದ ಗದಿಗೆಪ್ಪ ಹಟ ಹಿಡಿದು ಅಂದೇ ಬಾಕಿ ಕೊಡಲು ಹೋದ. ಪಿಂಚಣಿ ನಿಂತರೆ ರೇಷ್ಮೆ ತರುವುದು ಹೇಗೆ ಎಂಬುದು ಅವನ ಚಿಂತೆ. ಬಾಲ್ಕನಿಯ ಮಂಚದ ಮೇಲೆ ಅವನಿಗೆ ಪಟ್ಟಿ ಕಟ್ಟಿದರು. ಮದ್ದು ಕೊಟ್ಟು ಹಗಲಿನಲ್ಲೇ ಮಲಗಿಸಿದರು. ರತ್ನಮಾಲಾ ಪಕ್ಕದಲ್ಲಿ ಕೂತಳು. ಅವನ ಹುಬ್ಬು ಸಡಿಲಾಗಲಿಲ್ಲ. ತುಟಿ ಅಲುಗಲಿಲ್ಲ. ಕೆಳಗಿನ ಹಾಲಿನಲ್ಲಿ ಎಲ್ಲೋ ಒಂದು ಕೊಳಗ ಒಂದಿಷ್ಟು ಹೆಚ್ಚು ನೀಲಿಯಾಯಿತು.

ಎಚ್ಚರವಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವನು, "ನಮ್ಮ ಬಸ್ ಯಾವುದು?" ಎಂದು ಕೇಳಿದ. ಅವಳು ದಣಿವು ಅಂದುಕೊಂಡಳು. ಮನೆಗೆ ಬಂದು ಚಹಾ ಕುಡಿಸಿ ಚಾಪೆ ಹಾಸಿ, ತಾನು ಮಗ್ಗಕ್ಕಿಳಿದು ಲಾಳಿ ಎಸೆದಳು. ಗದಿಗೆಪ್ಪ ಬೆಚ್ಚಿ ಎದ್ದು ಕೂತ. ಮೂಲೆ ಮೂಲೆಗೆ ನೋಡಿದ.

"ಇದೇನಿದು ಸದ್ದು?" ಅಂದ.

"ಮಗ್ಗ ರೀ."

"ಹೌದಾ," ಎಂದು ನಾಚಿಕೊಂಡು ನಕ್ಕ. ಹೊಸ ಊರಿಗೆ ಬಂದ ನೆಂಟರು ನಗುವ ಹಾಗಿತ್ತು ಆ ನಗು.

ಅವಳು ಲಾಳಿಯ ಹಗ್ಗ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೂತಳು. ಅಳು ಬರಲಿಲ್ಲ. ಊರಿಗೆ ನೀರು ನುಗ್ಗಬಹುದಾಗಿದ್ದ ದಿನಗಳಲ್ಲಿ ಆಗುತ್ತಿದ್ದ ಹಾಗೆ ಮೈಯೆಲ್ಲ ಕಿವಿಯಾಯಿತು. ಎಲ್ಲೋ ಒಂದು ಬಿರುಕು ಬಿಡುತ್ತಿತ್ತು, ಅದಕ್ಕೆ ತುಂಬಲು ತನ್ನ ಕೈಯಲ್ಲಿ ಏನೋ ಇತ್ತು, ಅದನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

ಉಳಿದ ಬಾಕಿಗಾಗಿ ಎರಡನೆಯ ಸಲದ ಕರೆ ಬರುವ ಮೊದಲೇ ಪೇಟೆಯ ಹತ್ತಿ ಗಿರಣಿಗೆ ಬೆಂಕಿ ಬಿತ್ತು. ಅರಳೆಯ ಮೂಟೆಗಳು ಉರಿದು ಆಳುಗಳು ಬಹಳ ಮಂದಿ ಸುಟ್ಟುಕೊಂಡರು. ದವಾಖಾನೆ ತುಂಬಿತು. ಮದ್ದು ನೋವನ್ನು ಮಂಕು ಮಾಡುತ್ತಿತ್ತಷ್ಟೇ, ಅಷ್ಟು ಸುಟ್ಟವರಿಗೆ ನಿದ್ದೆ ತರುತ್ತಿರಲಿಲ್ಲ. ನಿದ್ದೆಯಿಲ್ಲದೆ ಚರ್ಮ ಕೂಡುತ್ತಿರಲಿಲ್ಲ. ನಿದ್ರಾಗಾರದ ಕೊಳಗಗಳು ಒಂದೊಂದಾಗಿ ಬರಿದಾದವು. ಸರ್ಕಾರ ಮತ್ತೆ ಊರೂರಿಗೆ ಡಂಗುರ ಸಾರಿಸಿ ನಿದ್ದೆ ಕೊಡಿರೆಂದಿತು, ಚೀಟಿ ಕೊಡುತ್ತೇವೆ ಎಂದಿತು. ಹಳೆಯ ಚೀಟಿಗೇ ಗತಿಯಿಲ್ಲ, ಹೊಸ ಚೀಟಿ ಯಾರಿಗೆ ಬೇಕು ಎಂದು ಜನ ಕದ ಹಾಕಿಕೊಂಡರು.

ಡಂಗುರ ಸಾರಿದ ಮರುದಿನ ಬೆಳಿಗ್ಗೆ ನೇಕಾರ ಓಣಿಯಲ್ಲಿ ಸರ್ಕಾರಿ ಜೀಪು ನಿಂತಿತು. ಫಿರ್ದೋಸ್ ಇಳಿದು, ಚಪ್ಪಲಿ ಬಿಟ್ಟು, ಒಳಗೆ ಬಂದು ಮಗ್ಗದ ಪಕ್ಕದ ನೆಲದ ಮೇಲೆ ಕೂತಳು. ಪಕ್ಕದ ಮನೆಯ ಹುಸೇನಬಿ ಕದದ ಸಂದಿಯಲ್ಲಿ ನಿಂತು ನೋಡಿದಳು. ಅವಳು ಖಣದ ನೂಲು ಸುತ್ತುವವಳು, ಅವಳೂ ನಿದ್ದೆ ಕೊಟ್ಟವಳು.

"ಅಕ್ಕಾರ, ಈ ಓಣಿಯವರು ಹಿಂದ ಎಲ್ಲಾರಿಗಿಂತ ಹೆಚ್ಚ ಕೊಟ್ಟವರು," ಫಿರ್ದೋಸ್ ಹೇಳಿದಳು. "ನೀವು ಒಂದ ಮಾತ ಹೇಳಿದ್ರ ಬರ್ತಾರ. ದವಾಖಾನ್ಯಾಗ ನೋಡಾಕ ಆಗವಲ್ತು. ಕಣ್ಣ ತೆರಕೊಂಡ ಒದ್ದಾಡಾಕತ್ತಾರ."

ರತ್ನಮಾಲಾ ಮಗ್ಗ ನಿಲ್ಲಿಸಲಿಲ್ಲ, ಗದಿಗೆಪ್ಪ ಮಲಗಿದ್ದ. ಸದ್ದಿನ ನಡುವೆಯೇ ಮೆಲ್ಲಗೆ ಹೇಳಿದಳು.

"ಕೊಡಾಕ ನಮಗೇನೂ ಬ್ಯಾಸರಿಲ್ರಿ. ಸುಟ್ಟಗೊಂಡೋರು ನಮ್ಮವ್ರ. ಆದ್ರ ಒಂದ ಮಾತ ಕೇಳ್ತೀನಿ. ಸರ್ಕಾರ ತನ್ನ ಚೀಟಿನ ತಾನ ತೊಗೊಳ್ಳಲಿಲ್ಲಂದ್ರ ಬ್ಯಾರೆ ಯಾರು ತೊಗೊಳ್ಬೇಕು? ತಂದೋರಿಗೆ ನಿದ್ದಿ ಕೊಡಾಕ ಇವತ್ತ ನಿಮ್ಮ ಕಡೆ ಇಲ್ಲ, ಒಪ್ಪಿದೆ. ಬಾಕಿಗೆ ಮುರ್ಕೊಳ್ಳಾಕ ಏನೂ ಖರ್ಚಿಲ್ಲಲ್ಲ? ನಿಮ್ಮ ಸಾಲಾನೂ ತೀರತೈತಿ, ನಮ್ಮ ಸಾಲಾನೂ ತೀರತೈತಿ."

"ಆವಾಗ ಬಾಕಿ ಇದ್ದೋರು ಯಾರೂ ಹೊಸಾ ನಿದ್ದಿ ಕೊಡಂಗಿಲ್ಲ."

ಕದದ ಸಂದಿಯಿಂದ ಹುಸೇನಬಿ ಬಾಯಿ ಹಾಕಿದಳು: "ಅವರು ಕೊಡ್ಲಿಲ್ಲಂದ್ರ ನಾವು ಕೊಡ್ತೇವ್ರಿ ಬಾಯಾರ! ನನ್ನ ತಂಗಿ ಮಗಳು ನರ್ಸ್ ಇದ್ದಾಕಿ, ಆಕೀಗೂ ನೋಟೀಸ್ ಬಂದೈತಿ. ಕೈಗೂಸಿನ ತಾಯಿ ಆಕಿ, ಎಲ್ಲಿಂದ ಕೊಡ್ತಾಳ? ನನ್ನ ಚೀಟಿ ಆಕೀಗೆ ನಡೀತೈತಿ ಅಂದ್ರ ಇವತ್ತ ಬಂದು ಮಲಕೊಂತೀನಿ. ಚೀಟಿ ನಡೀತಾವ ಅಂತ ತಿಳೀಲಿ, ನೋಡ್ರಿ, ಮಂಚ ಸಾಲಂಗಿಲ್ಲ ನಿಮಗ."

ಫಿರ್ದೋಸ್ ಲಾಳಿಯ ಓಡಾಟ ನೋಡಿದಳು. ಅತ್ತಿಂದಿತ್ತ, ಇತ್ತಿಂದತ್ತ. ಅವಳ ತಲೆಯೊಳಗೆ ಏನೋ ಕೂಡಿ ಕಳೆಯುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಅಣೆಕಟ್ಟಿನ ಕಾಲದ ಒಂದು ತುರ್ತು ನಿಯಮ ಇನ್ನೂ ರದ್ದಾಗಿರಲಿಲ್ಲ. ಬಾಕಿಯನ್ನು ಯಾವ ರೂಪದಲ್ಲಿ ಪಡೆಯಬೇಕೆಂದು ಮುಖ್ಯ ವಿಜ್ಞಾನಿ ತೀರ್ಮಾನಿಸಬಹುದೆಂದು ಅದರಲ್ಲಿತ್ತು. ಹಿಂದೆಂದೂ ಯಾರೂ ಅದನ್ನು ಮುಟ್ಟಿರಲಿಲ್ಲ.

"ನನ್ನ ನೌಕರಿ ಹೋಗಬಹುದು," ಎಂದಳು ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಂತೆ.

"ಹೋದ್ರ ಇಲ್ಲಿಗೆ ಬರ್ರಿ," ರತ್ನಮಾಲಾ ಅಂದಳು. "ನೇಯೂದು ಕಲಸ್ತೀನಿ. ನಿದ್ದಿನೂ ಚಂದ ಹತ್ತತೈತಿ."

ಫಿರ್ದೋಸ್ ನಕ್ಕಳು. ಎದ್ದು ಜೀಪಿಗೆ ಹೋದಳು.

ಸಂಜೆಗೆ ಟಾಕೀಸಿನ ಟಿಕೆಟ್ ಕಿಂಡಿಯ ಮೇಲೆ ಒಂದು ಹಲಗೆ ತೂಗುಬಿತ್ತು: ಸರ್ಕಾರದ ನಿದ್ದೆ ಚೀಟಿಗಳನ್ನು ಸರ್ಕಾರಕ್ಕೆ ಬರಬೇಕಾದ ನಿದ್ದೆಯ ಬಾಕಿಗೆ ಸ್ವೀಕರಿಸಲಾಗುವುದು, ಚೀಟಿ ಯಾರದೇ ಇರಲಿ, ಬಾಕಿ ಯಾರದೇ ಇರಲಿ.

ಮೊದಲ ಚೀಟಿ ರತ್ನಮಾಲಾಳದು. ಗುಮಾಸ್ತ ಕಟ್ಟು ಬಿಚ್ಚಿ ಒಂದೊಂದಕ್ಕೂ ಮುದ್ರೆ ಹೊಡೆದ. ಅವಳ ಕಣ್ಣೆದುರಿಗೇ ತಿಂಗಳ ಬೆಳಕಿನ ಬಣ್ಣದ ಮೇಲೆ ಕೆಂಪು ಗೆರೆ ಬಿತ್ತು. ಕಟ್ಟು ಪೂರ್ತಿ ಮುಗಿಯಿತು. ಒಂದೂ ಉಳಿಯಲಿಲ್ಲ. ಗುಮಾಸ್ತ ಗದಿಗೆಪ್ಪನ ನೋಟೀಸನ್ನು ಹರಿದು ಬುಟ್ಟಿಗೆ ಹಾಕಿ, "ತೀರಿತ್ರಿ," ಅಂದ. ಅವನ ದನಿಯಲ್ಲಿ ತನ್ನದೇ ಸಾಲ ತೀರಿದಷ್ಟು ಖುಷಿಯಿತ್ತು.

ರತ್ನಮಾಲಾ ಅಲ್ಲಿಂದ ನೇರ ಬಾಲ್ಕನಿಗೆ ಹತ್ತಿ ಮಂಚದ ಮೇಲೆ ಮಲಗಿ ತಲೆಗೆ ಪಟ್ಟಿ ಕಟ್ಟಿಸಿಕೊಂಡಳು. ಕೊಟ್ಟ ಮಾತು ಅದು. ಪಕ್ಕದ ಮಂಚದಲ್ಲಿ ಹುಸೇನಬಿ. ಆಚೆ ಮತ್ತೊಬ್ಬಳು, ಮಗದೊಬ್ಬಳು. ಅವರ ಮಾತು, ಬಳೆಯ ಸದ್ದು ಮೆಲ್ಲಗೆ ಅಡಗಿದವು. ಬೆಳಗಿನ ಜಾವ ಕೆಂಪು ಕಣ್ಣಿನಿಂದ ಎದ್ದು ಬಾಲ್ಕನಿಯಿಂದ ಕೆಳಗೆ ಇಣುಕಿದಾಗ ಸತ್ತ ಕೊಳಗಗಳನ್ನು ತೆಗೆದು ಹೊಸವನ್ನಿಟ್ಟಿದ್ದರು, ಅವುಗಳಲ್ಲಿ ನೀಲಿ ಆಗಲೇ ಉಬ್ಬಿ ಇಳಿಯುತ್ತಿತ್ತು. ದವಾಖಾನೆಯ ಕೊಳವೆಗಳಲ್ಲಿ ಅದು ಹರಿದುಹೋಗುತ್ತಿತ್ತು. ಸುಟ್ಟ ಗಾಯದ ವಾರ್ಡಿನಲ್ಲಿ ಒಬ್ಬೊಬ್ಬರಾಗಿ ನಿದ್ದೆಹೋದರೆಂದು ಫಿರ್ದೋಸ್ ಬಂದು ಹೇಳಿದಳು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಚೀಟಿ ನಡೆಯುತ್ತದೆಂಬ ಸುದ್ದಿ ಹೊಳೆಯ ಎರಡೂ ದಂಡೆಗೆ ಹಬ್ಬಿತು. ಕಿಟಕಿಯ ಒಡಕಿನಿಂದ ಚೀಟಿಗಳು ಇಳಿದು ಬಂದವು. ಹಿಟ್ಟಿನ ಡಬ್ಬಿಯ ತಳದಿಂದ, ದೇವರ ಫೋಟೋದ ಹಿಂದಿನಿಂದ, ಸತ್ತವರ ಕೋಟಿನ ಕಿಸೆಯಿಂದ ಬಂದವು. ಹುಸೇನಬಿಯ ತಂಗಿಯ ಮಗಳ ಬಾಕಿ ತೀರಿತು. ಅಣೆಕಟ್ಟಿಗೆ ಮರಳು ಹೊಡೆದಿದ್ದ ಲಾರಿ ಡ್ರೈವರನೊಬ್ಬನಿಗೆ ಯಾರೂ ಇರಲಿಲ್ಲ, ಅವನ ಬಾಕಿಗೆ ಸಂತೆಯವರೆಲ್ಲ ಒಂದೊಂದು ಚೀಟಿ ಹಾಕಿದರು. ಮದುವೆಗಳಲ್ಲಿ ಮದುಮಗಳಿಗೆ ನಿದ್ದೆ ಚೀಟಿ ಉಡುಗೊರೆಯಾಯಿತು. ಚೀಟಿಗೆ ಬೆಲೆ ಬಂದದ್ದರಿಂದ ಕೊಡುವವರೂ ಬಂದರು. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಕೊಟ್ಟರು, ಯಾರ ಕನಸೂ ಒಣಗದಷ್ಟು ಮಾತ್ರ ತೆಗೆದುಕೊಳ್ಳಬೇಕೆಂದು ಫಿರ್ದೋಸ್ ಕಟ್ಟಪ್ಪಣೆ ಮಾಡಿದ್ದಳು.

ರಾಜಧಾನಿಯಿಂದ ವಿಚಾರಣೆಗೆ ಕರೆ ಬಂತು. ಬಾಕಿ ಮನ್ನಾ ಮಾಡಲು ನಿಮಗೆ ಅಧಿಕಾರ ಕೊಟ್ಟವರು ಯಾರು ಎಂದು ದೊಡ್ಡ ಮೇಜಿನ ಆಚೆ ಕೂತವರು ಕೇಳಿದರಂತೆ. ಮನ್ನಾ ಮಾಡಿಲ್ಲ, ಸರ್ಕಾರ ತಾನೇ ಬರೆದುಕೊಟ್ಟದ್ದನ್ನು ನಾನು ಓದಿದೆ ಅಷ್ಟೆ ಎಂದಳಂತೆ ಫಿರ್ದೋಸ್. ಅವಳ ನೌಕರಿ ಹೋಗಲಿಲ್ಲ, ಆದರೆ ದೂರದ ಇನ್ನೊಂದು ನಿದ್ರಾಗಾರಕ್ಕೆ ವರ್ಗವಾಯಿತು. ಕಿಂಡಿಯ ಹಲಗೆಯನ್ನು ಇಳಿಸುವ ಧೈರ್ಯ ಮಾತ್ರ ಯಾರೂ ಮಾಡಲಿಲ್ಲ. ಇಳಿಸಿದರೆ ಅಂದೇ ಮಂಚಗಳು ಬರಿದಾಗುತ್ತವೆಂದು ಎಲ್ಲರಿಗೂ ತಿಳಿದಿತ್ತು.

ಗದಿಗೆಪ್ಪನಿಗೆ ಹೋದ ನೆನಪುಗಳೆಲ್ಲ ಮರಳಲಿಲ್ಲ. ತನ್ನ ಮದುವೆಯ ದಿನ ಮಳೆ ಬಂದಿತ್ತೋ ಬಿಸಿಲಿತ್ತೋ ಅವನಿಗೆ ಹೇಳಲಾಗುತ್ತಿರಲಿಲ್ಲ, ರತ್ನಮಾಲಾ ಹೇಳಿದರೆ ಹೊಸ ಕಥೆ ಕೇಳಿದಂತೆ ಕೇಳುತ್ತಿದ್ದ. ಆದರೆ ಇದ್ದದ್ದು ಇನ್ನು ಜಾರಲಿಲ್ಲ. ಮಧ್ಯಾಹ್ನ ಮಲಗುತ್ತಿದ್ದ, ಹುಬ್ಬು ಸಡಿಲವಾಗುತ್ತಿತ್ತು, ಎದ್ದು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ.

ಫಿರ್ದೋಸ್ ಊರು ಬಿಡುವ ದಿನ ಗಂಡ ಹೆಂಡತಿ ಇಬ್ಬರೂ ಪೇಟೆಗೆ ಹೋಗಿ ಅವಳಿಗೊಂದು ಖಣ ಕೊಟ್ಟು ಬಂದರು. "ಹಳೀ ನಮೂನಿನ ಐತಿ," ಎಂದು ರತ್ನಮಾಲಾ ಸಂಕೋಚಪಟ್ಟಳು. ಫಿರ್ದೋಸ್ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಮಡಚಿ, ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದಳು.

ಮರಳುವ ಬಸ್ಸಿನಲ್ಲಿ ರತ್ನಮಾಲಾಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಳಿಬಿಸಿಲು ಕಬ್ಬಿನ ಗದ್ದೆಗಳ ಮೇಲೆ ಓಡುತ್ತಿತ್ತು. ಹೊಳೆ ಒಮ್ಮೆ ಕಾಣಿಸಿ ಒಮ್ಮೆ ಮರೆಯಾಗುತ್ತಿತ್ತು. ಇಷ್ಟು ವರ್ಷ ಟ್ರಂಕಿನಲ್ಲಿ ಕಾದಿಟ್ಟದ್ದು ಇನ್ನಿಲ್ಲ, ಕೇಳಬೇಕಾದದ್ದು ಇನ್ನೇನೂ ಉಳಿದಿಲ್ಲ ಎಂದುಕೊಂಡಳು. ದುಃಖವಾಗಬೇಕಿತ್ತು. ಬದಲಿಗೆ ಮೈ ಬೆಚ್ಚಗೆ, ಭಾರವಾಗಿ, ಒಳಗೊಳಗೇ ಇಳಿಯತೊಡಗಿತು. ಗದಿಗೆಪ್ಪ ಭುಜ ಹತ್ತಿರ ತಂದ. ಅವಳ ತಲೆ ಅದಕ್ಕೆ ತಾಗಿತು.

ಮುಂದಿನದು ಅವಳಿಗೆ ಗೊತ್ತಾದದ್ದು ಆಮೇಲೆ ಗದಿಗೆಪ್ಪ ಹೇಳಿದಾಗ. ಅವರ ಊರು ಬಂತು, ಹೋಯಿತು. ಅವನು ಅಲುಗಲಿಲ್ಲ. ಅವಳ ಹುಬ್ಬು ಸಡಿಲವಾಗಿತ್ತು, ಕೈಬೆರಳು ಮಡಿಲಲ್ಲಿ ಅತ್ತಿತ್ತ ಆಡುತ್ತಿದ್ದವು, ತುಟಿಯಂಚಿನಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಕನಸು ಬಿದ್ದಿದೆ ಎಂದು ಅವನಿಗೆ ತಿಳಿಯಿತು. ಮುಂದಿನ ಊರೂ ಬಂತು. ಕಂಡಕ್ಟರ್ ಬಂದು ಬಗ್ಗಿ ನೋಡಿದ.

"ಯಜಮಾನ್ರ, ನಿಮ್ಮ ಊರ ದಾಟಿ ಬಂತಲ್ರಿ. ಎಬ್ಬಸ್ಬೇಕಿಲ್ಲೋ?"

"ಬ್ಯಾಡ," ಗದಿಗೆಪ್ಪ ಪಿಸುಗುಟ್ಟಿದ. "ಮುಂದಕ್ಕ ಎರಡ ಟಿಕೆಟ್ ಕೊಡು."

"ಎಲ್ಲಿ ತನಾ ಕೊಡ್ಲಿ?"

"ಆಕಿಗೆ ಎಚ್ಚರಾಗೂ ತನಾ ಕೊಡಪಾ."

ಕಂಡಕ್ಟರ್ ಅವಳ ಮುಖ ನೋಡಿದ. ಟಿಕೆಟ್ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಬಾಯಿಗೆ ತಂದಿದ್ದ ಸೀಟಿಯನ್ನು ಊದದೆ, ಬಸ್ಸಿನ ತಗಡನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ.